ಬೆಳಿಗ್ಗೆ ಆಪರೇಷನ್, ಸಂಜೆ ಮನೆ: ವಾರ್ಡಿನ ಕೆಲಸ ಈಗ ಯಾರ ತಲೆ ಮೇಲೆ?

ಬೆಳಿಗ್ಗೆ ಅಡ್ಮಿಟ್ ಆಗಿ, ಮಧ್ಯಾಹ್ನದೊಳಗೆ ಆಪರೇಷನ್ ಮುಗಿಸಿಕೊಂಡು, ಸಂಜೆ ಮನೆಗೆ ಬರುವುದು ಈಗ ಮಾಮೂಲಿ. ಕಣ್ಣಿನ ಪೊರೆ, ಹರ್ನಿಯಾ, ಪಿತ್ತಕೋಶ, ಮಂಡಿಯ ಲಿಗಮೆಂಟ್, ಮಕ್ಕಳ ಟಾನ್ಸಿಲ್ ಎಲ್ಲ ಹೀಗೇ ನಡೆಯುತ್ತವೆ. ಕೆಲವು ಕಡೆ ಆರೋಗ್ಯ ಚೆನ್ನಾಗಿರುವವರಿಗೆ ಮಂಡಿ ಬದಲಿಸುವ ಆಪರೇಷನ್ ಕೂಡ ಒಂದೇ ದಿನದಲ್ಲಿ ಮುಗಿಯುತ್ತದೆ. ಇದರಿಂದ ಜನರ ಮನಸ್ಸಿನಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ. ಒಂದೇ ದಿನದಲ್ಲಿ ಕಳಿಸ್ತಾರೆ ಅಂದ ಮೇಲೆ ಚಿಕ್ಕ ಆಪರೇಷನ್ನು, ಚಿಕ್ಕದು ಅಂದ ಮೇಲೆ ತಯಾರಿ ಏನೂ ಬೇಡ, ಎರಡು ದಿನ ಕಳೆದರೆ ಎಲ್ಲ ಸರಿ. ಈ ಲೆಕ್ಕದಲ್ಲಿ ಒಂದು ಸಾಲೂ ಸರಿಯಿಲ್ಲ.

ಕಡಿಮೆಯಾಗಿರುವುದು ಆಸ್ಪತ್ರೆಯಲ್ಲಿ ಮಲಗುವ ಸಮಯ. ಕೊಯ್ದ ಜಾಗ ಚಿಕ್ಕದಾಗಿದೆ, ಅರಿವಳಿಕೆ ಬೇಗ ಇಳಿಯುತ್ತದೆ, ನೋವಿಗೆ ಒಳ್ಳೆಯ ಔಷಧಿ ಬಂದಿದೆ, ಇದೆಲ್ಲ ನಿಜ. ಆದರೆ ಒಳಗಿನ ಹೊಲಿಗೆ ಗಟ್ಟಿಯಾಗಲು ದೇಹಕ್ಕೆ ಇಂದಿಗೂ ವಾರಗಳೇ ಬೇಕು. ಆ ವಾರಗಳ ಮೊದಲ ಕೆಲವು ದಿನ ಮುಂಚೆ ನರ್ಸ್ ನೋಡಿಕೊಳ್ಳುತ್ತಿದ್ದರು. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಜ್ವರ ನೋಡುವುದು, ಡ್ರೆಸ್ಸಿಂಗ್ ಒದ್ದೆಯಾಗಿದೆಯಾ ಅಂತ ನೋಡುವುದು, ಮೂತ್ರ ಹೋಯಿತಾ ಅಂತ ಕೇಳುವುದು. ಈ ಕೆಲಸ ಎಲ್ಲೂ ಮಾಯವಾಗಿಲ್ಲ. ಮನೆಗೆ ಬಂದಿದೆ. ಮಾಡುವವರು ಹೆಂಡತಿಯೋ, ಮಗನೋ, ಅಕ್ಕನೋ, ಅವರಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಹೀಗೆ ಒಂದೇ ದಿನದಲ್ಲಿ ಮುಗಿಸಿ ಕಳಿಸುವ ಡೇ ಕೇರ್ ಸರ್ಜರಿಯ ತಯಾರಿ ಅಂದರೆ ಬಹುಪಾಲು ಈ ಒಂದು ವಿಷಯವನ್ನು ಮುಂಚೆಯೇ ಒಪ್ಪಿಕೊಂಡು ಅದಕ್ಕೆ ಸಿದ್ಧವಾಗುವುದು.

ಇದು ಹೊಸ ವಿಚಾರವೇನೂ ಅಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೇಮ್ಸ್ ನಿಕೋಲ್ ಎಂಬ ಸರ್ಜನ್ ಮಕ್ಕಳಿಗೆ ಹರ್ನಿಯಾ, ಸೀಳುತುಟಿಯಂಥ ಆಪರೇಷನ್ ಮಾಡಿ ಅದೇ ದಿನ ಮನೆಗೆ ಕಳಿಸುತ್ತಿದ್ದರು. ಅಂಥ 8,988 ಆಪರೇಷನ್‌ಗಳ ವಿವರವನ್ನು ಅವರು 1909ರಲ್ಲೇ ಮುಂದಿಟ್ಟರು. ಮಗು ತಾಯಿಯ ಹತ್ತಿರ ಇದ್ದರೆ ವಾರ್ಡಿಗಿಂತ ಚೆನ್ನಾಗಿರುತ್ತದೆ ಅನ್ನುವುದು ಅವರ ವಾದ. ಆದರೆ ಅದಕ್ಕೆ ಮನೆಯ ಸ್ಥಿತಿ ಸರಿಯಿರಬೇಕು ಅಂತಲೂ ಅವರು ಹೇಳುತ್ತಿದ್ದರು, ನರ್ಸುಗಳನ್ನು ಆ ಮನೆಗಳಿಗೆ ಕಳಿಸುತ್ತಿದ್ದರು. ಮುಂದೆ 1955ರಲ್ಲಿ ಎಡಿನ್‌ಬರೋದ ಎರಿಕ್ ಫರ್ಕ್ವಾರ್ಸನ್, ಜಾಗ ಮಾತ್ರ ಮರಗಟ್ಟಿಸಿ 485 ಹರ್ನಿಯಾ ಆಪರೇಷನ್ ಮಾಡಿ ಅವತ್ತೇ ಮನೆಗೆ ಕಳಿಸಿದ್ದನ್ನು ವರದಿ ಮಾಡಿದರು. 1970ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಇದಕ್ಕೆಂದೇ ಆಸ್ಪತ್ರೆಯಿಂದ ಬೇರೆಯಾದ ಕೇಂದ್ರ ಶುರುವಾಯಿತು. ಆಮೇಲೆ ಈ ಪದ್ಧತಿ ಎಲ್ಲ ಕಡೆ ಹಬ್ಬಿತು. ನರ್ಸ್ ಮನೆಗೆ ಬರುವ ಭಾಗ ಮಾತ್ರ ಬಹಳಷ್ಟು ಕಡೆ ದಾರಿಯಲ್ಲೇ ಬಿಟ್ಟುಹೋಯಿತು.

ಅಂದ ಮಾತ್ರಕ್ಕೆ ಹಳೆಯ ಪದ್ಧತಿಯೇ ಚೆನ್ನಾಗಿತ್ತು ಅಂತಲ್ಲ. ಆಸ್ಪತ್ರೆಯಲ್ಲಿ ಸುಮ್ನೆ ಮಲಗಿದಷ್ಟೂ ಸೋಂಕು ತಗುಲುವ ಅವಕಾಶ ಜಾಸ್ತಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಜಾಸ್ತಿ. ವಯಸ್ಸಾದವರಿಗಂತೂ ಹೊಸ ಜಾಗ, ರಾತ್ರಿಯಿಡೀ ಬೆಳಕು, ಸದ್ದು ಇವುಗಳಿಂದಲೇ ತಲೆ ಗೊಂದಲವಾಗಿ ಏನೇನೋ ಮಾತಾಡತೊಡಗುವುದು ಉಂಟು. ತಮ್ಮ ಮಂಚದಲ್ಲೇ ಮಲಗಿದರೆ ಅದು ಕಡಿಮೆ. ಹಾಗಾಗಿ ಬೇಗ ಮನೆಗೆ ಕಳಿಸುವುದರಲ್ಲಿ ಆಸ್ಪತ್ರೆಯ ಲಾಭದ ಲೆಕ್ಕ ಇದ್ದರೂ ರೋಗಿಯ ಲಾಭವೂ ಇದೆ. ತೊಂದರೆ ಇರುವುದು ಕಳಿಸುವ ರೀತಿಯಲ್ಲಿ.

ಹೊಟ್ಟೆ ಖಾಲಿ ಅಂದರೆ ಎಷ್ಟು ಖಾಲಿ?

ತಯಾರಿಯಲ್ಲಿ ಜನ ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಅರಿವಳಿಕೆ ಕೊಟ್ಟಾಗ ಗಂಟಲಿನ ರಕ್ಷಣೆ ನಿಂತುಹೋಗುತ್ತದೆ. ಎಚ್ಚರವಿದ್ದಾಗ ಏನಾದರೂ ತಪ್ಪಿ ಶ್ವಾಸನಾಳಕ್ಕೆ ಹೋದರೆ ಕೆಮ್ಮಿ ಹೊರಹಾಕುತ್ತೇವೆ, ಆಗ ಅದು ಆಗುವುದಿಲ್ಲ. ಹೊಟ್ಟೆಯಲ್ಲಿದ್ದ ಆಹಾರ, ಆಮ್ಲ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಅಮೆರಿಕದ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಹೆರಿಗೆಯ ವೇಳೆ ಅರಿವಳಿಕೆ ಪಡೆದ ಹೆಂಗಸರಲ್ಲಿ ಇದನ್ನು ವಿವರಿಸಿದ ಮೇಲೆ ‘ರಾತ್ರಿ ಹನ್ನೆರಡರ ನಂತರ ಏನೂ ಬೇಡ’ ಅನ್ನುವ ನಿಯಮ ಗಟ್ಟಿಯಾಯಿತು.

ಆದರೆ ನೀರು ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಈಗ ಹೆಚ್ಚಿನ ಕಡೆ ಪಾಲಿಸುವ ಲೆಕ್ಕ ಹೀಗಿದೆ: ನೀರು ಅಥವಾ ಹಾಲಿಲ್ಲದ ಟೀ, ಕಾಫಿ, ತಿರುಳಿಲ್ಲದ ಹಣ್ಣಿನ ರಸ ಅರಿವಳಿಕೆಗೆ 2 ಗಂಟೆ ಮುಂಚಿನವರೆಗೆ, ಎದೆಹಾಲು 4 ಗಂಟೆ, ಹಗುರವಾದ ತಿಂಡಿ ಮತ್ತು ಬೇರೆ ಹಾಲು 6 ಗಂಟೆ, ಕರಿದದ್ದು, ಜಿಡ್ಡಿನದು 8 ಗಂಟೆ. ಯುರೋಪಿನ ಅರಿವಳಿಕೆ ತಜ್ಞರ ಸಂಘವಂತೂ ಮಕ್ಕಳಿಗೆ 1 ಗಂಟೆ ಮುಂಚಿನವರೆಗೂ ನೀರು ಕೊಡಬಹುದು ಅಂತ 2022ರಲ್ಲಿ ಹೇಳಿದೆ. ಇಷ್ಟಿದ್ದರೂ ಹಿಂದಿನ ರಾತ್ರಿ ಊಟ ಮಾಡಿ ಮಲಗಿದವರು ಮರುದಿನ ಮಧ್ಯಾಹ್ನದವರೆಗೆ ಒಂದು ಗುಟುಕು ನೀರೂ ಕುಡಿಯದೆ ತಲೆನೋವು, ಸುಸ್ತು, ಬಾಯಾರಿಕೆಯಲ್ಲಿ ಕೂತಿರುತ್ತಾರೆ. ಒಣಗಿದ ದೇಹದಲ್ಲಿ ಸೂಜಿ ಹಾಕಲು ನರ ಸಿಗುವುದೂ ಕಷ್ಟ. ಹಾಗಾಗಿ ‘ನೀರು ಎಷ್ಟು ಗಂಟೆಯವರೆಗೆ ಕುಡಿಯಬಹುದು’ ಅಂತ ಬಿಡಿಸಿ ಕೇಳಿ, ಗಂಟೆಯನ್ನು ಬರೆದುಕೊಳ್ಳಿ. ಮತ್ತೆ, ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರಲ್ಲ. ಬೆಳಿಗ್ಗೆ ಅರ್ಧ ಲೋಟ ಕುಡಿದದ್ದಕ್ಕೇ ಆಪರೇಷನ್ ಮುಂದೆ ಹೋಗಬಹುದು. ಕುಡಿದಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ. ಮುಂದೂಡಿದರೆ ಹೋಗುವುದು ಒಂದು ದಿನ ಅಷ್ಟೇ.

ಇತ್ತೀಚೆಗೆ ಇದಕ್ಕೊಂದು ಹೊಸ ತಿರುವು ಬಂದಿದೆ. ತೂಕ ಇಳಿಸಲು, ಶುಗರ್‌ಗೆ ಅಂತ ತೆಗೆದುಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಥರದ ಔಷಧಿಗಳು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತವೆ. ಎಂಟು ಗಂಟೆ ಉಪವಾಸವಿದ್ದರೂ ಒಳಗೆ ಆಹಾರ ಉಳಿದಿರಬಹುದು. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರ ಜೂನ್‌ನಲ್ಲಿ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವವರು ಒಂದು ವಾರ ನಿಲ್ಲಿಸಿ ಅಂದಿತ್ತು. 2024ರ ಅಕ್ಟೋಬರ್‌ನಲ್ಲಿ ಬೇರೆ ಸಂಘಗಳ ಜೊತೆ ಸೇರಿ ಅದನ್ನು ಸಡಿಲಿಸಿತು. ಹೆಚ್ಚಿನವರು ಮುಂದುವರಿಸಬಹುದು, ಆದರೆ ಡೋಸ್ ಏರಿಸುತ್ತಿರುವವರು, ವಾಕರಿಕೆ, ಹೊಟ್ಟೆ ಉಬ್ಬರ ಇರುವವರ ವಿಷಯದಲ್ಲಿ ಎಚ್ಚರ ಬೇಕು, ಅಪಾಯ ಕಂಡರೆ ಹಿಂದಿನ 24 ಗಂಟೆ ಬರೀ ದ್ರವ ಆಹಾರ ಸಾಕು ಅನ್ನುವ ರೀತಿಯ ಸಲಹೆ ಅದು. ನಿಯಮ ಬದಲಾಗುತ್ತಾ ಇದೆ, ಹಾಗಾಗಿ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸುವುದೂ ಬೇಡ, ಹೇಳದೆ ಇರುವುದೂ ಬೇಡ. ತೂಕದ ಇಂಜೆಕ್ಷನ್ ವಿಷಯ ಹೇಳಿಕೊಳ್ಳಲು ಕೆಲವರಿಗೆ ಮುಜುಗರ. ಆ ಮುಜುಗರ ಅರಿವಳಿಕೆ ಡಾಕ್ಟರ ಮುಂದೆ ಬೇಡ.

ಮಾತ್ರೆಗಳ ಪಟ್ಟಿಯಲ್ಲಿ ಇನ್ನೂ ಎರಡು ಗುಂಪನ್ನು ಮರೆಯಬಾರದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆಗಳನ್ನು ಸಾಮಾನ್ಯವಾಗಿ ಆಪರೇಷನ್‌ಗೆ 3 ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಉಪವಾಸದಲ್ಲಿ ಇವು ರಕ್ತದಲ್ಲಿ ಆಮ್ಲ ಏರಿಸಬಹುದು, ಅದೂ ಶುಗರ್ ರೀಡಿಂಗ್ ಹೆಚ್ಚೇನೂ ಏರದೆ, ಅದೇ ಇದರ ಅಪಾಯ. ಇನ್ನೊಂದು ಗುಂಪು ರಕ್ತ ತೆಳು ಮಾಡುವ ಮಾತ್ರೆಗಳು. ಇಲ್ಲಿ ಮುಂದುವರಿಸಿದರೆ ರಕ್ತಸ್ರಾವ, ನಿಲ್ಲಿಸಿದರೆ ಹೃದಯದ ಸ್ಟೆಂಟ್ ಕಟ್ಟಿಕೊಳ್ಳುವ ಭಯ. ಎಷ್ಟು ದಿನ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ ಅನ್ನುವುದು ಮಾತ್ರೆಯಿಂದ ಮಾತ್ರೆಗೆ, ಆಪರೇಷನ್‌ನಿಂದ ಆಪರೇಷನ್‌ಗೆ ಬೇರೆ. ಸರ್ಜನ್ ಒಂದು ಹೇಳಿ, ಹೃದಯದ ಡಾಕ್ಟರು ಇನ್ನೊಂದು ಹೇಳಿದರೆ ಮಧ್ಯದಲ್ಲಿ ನೀವು ತೀರ್ಮಾನ ಮಾಡಬೇಡಿ, ಅವರಿಬ್ಬರೂ ಮಾತಾಡಿಕೊಳ್ಳಲಿ ಅಂತ ಹಟ ಹಿಡಿಯಿರಿ. ಗಿಡಮೂಲಿಕೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕ್ಗೊ ಇವನ್ನು ಔಷಧಿ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಇವೂ ರಕ್ತಸ್ರಾವ ಹೆಚ್ಚಿಸಬಹುದು.

ಉಳಿದದ್ದು ಚಿಕ್ಕಪುಟ್ಟ ವಿಷಯ. ಆಪರೇಷನ್ ಜಾಗದ ಕೂದಲನ್ನು ಮನೆಯಲ್ಲೇ ರೇಜರ್‌ನಿಂದ ತೆಗೆದುಕೊಂಡು ಹೋಗಬೇಡಿ, ಆ ಸಣ್ಣ ಗೀರುಗಳಲ್ಲೇ ಸೋಂಕು ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೇ ಬೋಳಿಸಬೇಡಿ ಅನ್ನುತ್ತದೆ, ಬೇಕಿದ್ದರೆ ಕ್ಲಿಪ್ಪರ್‌ನಲ್ಲಿ ಕತ್ತರಿಸುತ್ತಾರೆ. ಮಗುವಿಗೆ ಜ್ವರ, ಕಫದ ಕೆಮ್ಮು ಶುರುವಾದರೆ ಹಿಂದಿನ ದಿನವೇ ಫೋನ್ ಮಾಡಿ. ಸಿಗರೇಟು ಬಿಡಲು ಇದಕ್ಕಿಂತ ಒಳ್ಳೆಯ ನೆಪ ಸಿಗಲ್ಲ. 4 ವಾರ ಮುಂಚೆ ಬಿಟ್ಟರೆ ಗಾಯ, ಶ್ವಾಸಕೋಶ ಎರಡಕ್ಕೂ ಒಳ್ಳೆಯದು. ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ಕಟ್ಟುವವರು ಅದನ್ನು ಹೇಳಲೇಬೇಕು. ಗೊರಕೆ ಹೊಡೆಯುವವರಿಗೆ ಅದು ಗೊತ್ತಿರಲ್ಲ, ಪಕ್ಕದಲ್ಲಿ ಮಲಗುವವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹೇಳಿದ್ದು ತಲೆಗೆ ಹೋಗದ ಹೊತ್ತು

ಈ ವ್ಯವಸ್ಥೆಯ ದೊಡ್ಡ ದೋಷ ನನ್ನ ಪ್ರಕಾರ ಇದು. ಮನೆಯಲ್ಲಿ ಏನು ಮಾಡಬೇಕು ಅನ್ನುವ ಸೂಚನೆಗಳನ್ನೆಲ್ಲ ಡಿಸ್ಚಾರ್ಜ್ ಹೊತ್ತಿನಲ್ಲಿ ಹೇಳುತ್ತಾರೆ. ಆಪರೇಷನ್‌ಗೆ ಮುಂಚೆ ಗಾಬರಿ ಇಳಿಸಲು ಕೊಡುವ ಮಿಡಜೋಲಾಮ್‌ನ ಗುಣವೇ ಕೊಟ್ಟ ಮೇಲೆ ನಡೆದದ್ದನ್ನು ಮರೆಸುವುದು. ರೋಗಿ ಕಣ್ಣು ಬಿಟ್ಟು ಕೂತಿರುತ್ತಾರೆ, ಸರ್ಜನ್ ಬಂದು ‘ಎಲ್ಲ ಚೆನ್ನಾಗಾಯ್ತು’ ಅಂದಾಗ ತಲೆ ಆಡಿಸುತ್ತಾರೆ, ಎರಡು ಪ್ರಶ್ನೆಯನ್ನೂ ಕೇಳುತ್ತಾರೆ. ಮರುದಿನ ‘ಡಾಕ್ಟರು ನನ್ನನ್ನು ನೋಡಲೇ ಇಲ್ಲ’ ಅನ್ನುತ್ತಾರೆ. ಸುಳ್ಳೇನೂ ಹೇಳುತ್ತಿಲ್ಲ, ನಿಜಕ್ಕೂ ನೆನಪಿಲ್ಲ. ಜೊತೆಗೆ ಬಂದವರು ಆ ಹೊತ್ತಿನಲ್ಲಿ ಬಿಲ್ ಕಟ್ಟಲು, ಔಷಧಿ ತರಲು ಓಡಾಡುತ್ತಿರುತ್ತಾರೆ.

ಬಿಡುಗಡೆ ಮಾಡುವ ಮೊದಲು ಅಂಕ ಕೊಟ್ಟು ನೋಡುವ ಪದ್ಧತಿ ಇದೆ. ನಾಡಿ ಮತ್ತು ಬಿಪಿ, ನಡೆದಾಡುವುದು, ವಾಂತಿ, ನೋವು, ರಕ್ತಸ್ರಾವ ಅಂತ ಐದು ವಿಷಯಕ್ಕೆ ತಲಾ 2 ಅಂಕ, ಒಟ್ಟು 10ಕ್ಕೆ 9 ಬಂದರೆ ಮನೆಗೆ. ಒಳ್ಳೆಯ ಪದ್ಧತಿಯೇ. ಆದರೆ ಗಮನಿಸಿ, ಈ ಐದರಲ್ಲಿ ‘ಮನೆಯಲ್ಲಿ ನೋಡಿಕೊಳ್ಳುವವರಿಗೆ ಏನು ಮಾಡಬೇಕು ಅಂತ ಗೊತ್ತಾ’ ಅನ್ನುವುದಕ್ಕೆ ಅಂಕವೇ ಇಲ್ಲ.

ಆದ್ದರಿಂದ ಆ ಮಾತುಕತೆಯನ್ನು ನೀವೇ ಹಿಂದಕ್ಕೆ ಎಳೆದುಕೊಳ್ಳಬೇಕು. ದಿನ ನಿಗದಿ ಮಾಡುವಾಗಲೇ ಕೇಳಿ: ನೋವಿಗೆ ಏನು ಕೊಡುತ್ತೀರಿ, ಮೊದಲ ಮಾತ್ರೆ ಎಷ್ಟು ಹೊತ್ತಿಗೆ, ಡ್ರೆಸ್ಸಿಂಗ್ ಯಾವಾಗ ತೆಗೆಯಬೇಕು, ಸ್ನಾನ ಯಾವಾಗ, ಏನಾದರೆ ವಾಪಸ್ ಬರಬೇಕು, ರಾತ್ರಿ ಎರಡು ಗಂಟೆಗೆ ಯಾವ ನಂಬರಿಗೆ ಫೋನ್ ಮಾಡಬೇಕು ಮತ್ತು ಆ ಹೊತ್ತಿಗೆ ಅದನ್ನು ಎತ್ತುವವರು ಯಾರು. ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ನನಗಂತೂ ಅನುಮಾನ ಬರುತ್ತದೆ. ಮಾತ್ರೆಗಳನ್ನೂ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಎಡವುವಂಥದ್ದು ಏನಿದೆ ಅಂತ ಒಮ್ಮೆ ನೋಡಿ.

ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧಿ ಬಂದ ಮೇಲೆ ಎಚ್ಚರವಾಗುವುದು ಎಷ್ಟು ಸಲೀಸಾಗಿದೆ ಅಂದರೆ ಜನಕ್ಕೆ ತಮಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಅನ್ನಿಸುವುದು ಬೇರೆ. ಮೊದಲ 24 ಗಂಟೆ ಗಾಡಿ ಓಡಿಸಬಾರದು, ಕುಡಿಯಬಾರದು, ಯಾವುದೇ ಪತ್ರಕ್ಕೆ ಸಹಿ ಹಾಕಬಾರದು, ಒಬ್ಬರೇ ಇರಬಾರದು. ಅರಿವಳಿಕೆ ಇಳಿಸುವಾಗ ಸುಗಮ್ಮಡೆಕ್ಸ್ ಎಂಬ ಔಷಧಿ ಕೊಟ್ಟಿದ್ದರೆ ಅದು ಹಾರ್ಮೋನ್ ಇರುವ ಗರ್ಭನಿರೋಧಕಗಳ ಶಕ್ತಿ ಕಡಿಮೆ ಮಾಡಬಹುದು, 7 ದಿನ ಬೇರೆ ವಿಧಾನವೂ ಬೇಕು. ಇದನ್ನು ಎಷ್ಟು ಹೆಂಗಸರಿಗೆ ಬಿಡಿಸಿ ಹೇಳುತ್ತಾರೋ!

ಮೊದಲ ರಾತ್ರಿ, ಆಮೇಲಿನ ವಾರ

ಕೈಗೋ ಕಾಲಿಗೋ ನರದ ಬಳಿ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ್ದರೆ ಮನೆಗೆ ಬರುವಾಗ ನೋವೇ ಇರಲ್ಲ. ರೋಗಿ ನಗುನಗುತ್ತಾ ಊಟ ಮಾಡಿ, ಮಾತ್ರೆ ಯಾಕೆ ಬೇಕು ಅಂತ ಪಕ್ಕಕ್ಕಿಟ್ಟು ಮಲಗುತ್ತಾರೆ. ಆ ಮದ್ದು 12ರಿಂದ 24 ಗಂಟೆಯೊಳಗೆ ಇಳಿಯುತ್ತದೆ, ಎಷ್ಟೋ ಸಲ ನಡುರಾತ್ರಿಯಲ್ಲಿ, ಒಮ್ಮೆಲೇ. ಅಷ್ಟೊತ್ತಿಗೆ ಮಾತ್ರೆ ನುಂಗಿದರೆ ಅದು ಕೆಲಸ ಶುರು ಮಾಡುವವರೆಗೆ ನರಳಬೇಕು. ಮರಗಟ್ಟುವಿಕೆ ಇಳಿಯುವ ಮೊದಲೇ ಮಾತ್ರೆ ಶುರುವಾಗಿರಬೇಕು. ಮೊದಲ ಎರಡು ಮೂರು ದಿನ ನೋವು ಬಂದಾಗ ಅಂತ ಕಾಯದೆ ಗಡಿಯಾರ ನೋಡಿ ತೆಗೆದುಕೊಳ್ಳುವುದೇ ಒಳ್ಳೆಯದು. ಮರಗಟ್ಟಿದ ಕೈಗೆ ಬಿಸಿ ತಾಗಿದರೂ ಗೊತ್ತಾಗಲ್ಲ, ಅದೂ ನೆನಪಿರಲಿ.

ಪ್ಯಾರಾಸಿಟಮಾಲ್, ಜೊತೆಗೆ ಆಗುವವರಿಗೆ ಐಬುಪ್ರೊಫೆನ್ ಥರದ್ದು, ಇವೆರಡೇ ಬಹಳ ಆಪರೇಷನ್‌ಗಳಿಗೆ ಸಾಕಾಗುತ್ತವೆ. ಕಿಡ್ನಿ ತೊಂದರೆ, ಹೊಟ್ಟೆಯ ಹುಣ್ಣು, ರಕ್ತ ತೆಳುವಿನ ಮಾತ್ರೆ ಇರುವವರಿಗೆ ಎರಡನೆಯದು ಆಗಿಬರಲ್ಲ. ಪ್ಯಾರಾಸಿಟಮಾಲ್ ದೊಡ್ಡವರಿಗೆ ದಿನಕ್ಕೆ ಹೆಚ್ಚೆಂದರೆ 4 ಗ್ರಾಂ. ನೆಗಡಿ ಮಾತ್ರೆಯಲ್ಲೂ, ಬೇರೆ ನೋವಿನ ಮಾತ್ರೆಯಲ್ಲೂ ಅದು ಸೇರಿರುತ್ತದೆ, ಗೊತ್ತಿಲ್ಲದೆ ಎರಡೆರಡು ಸಲ ನುಂಗುವುದು ಆಗುತ್ತದೆ. ಟ್ರಮಡಾಲ್‌ನಂಥ ಗಟ್ಟಿ ಔಷಧಿ ಕೊಟ್ಟರೆ ವಾಕರಿಕೆ ಮತ್ತು ಮಲಬದ್ಧತೆ ಜೊತೆಗೇ ಬರುತ್ತವೆ. ಹರ್ನಿಯಾ ಅಥವಾ ಮೂಲವ್ಯಾಧಿ ಆಪರೇಷನ್ ಆದವರಿಗೆ ಆಪರೇಷನ್ ನೋವಿಗಿಂತ ಮೂರನೇ ದಿನ ತಿಣುಕುವ ನೋವೇ ದೊಡ್ಡದು. ಮೊದಲ ದಿನದಿಂದಲೇ ನೀರು, ನಾರಿನಂಶ, ಬೇಕಿದ್ದರೆ ಮಲ ಸಡಿಲಿಸುವ ಔಷಧಿ ಕೇಳಿ ಪಡೆಯಿರಿ. ಮೇಲೆ ಹೇಳಿದ ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಈ ಗಟ್ಟಿ ಔಷಧಿಗಳೇ ಅಪಾಯ.

ವಾಂತಿ ಯಾರಿಗೆ ಹೆಚ್ಚು ಅನ್ನುವುದನ್ನು ಸುಮಾರಾಗಿ ಮುಂಚೆಯೇ ಹೇಳಬಹುದು. ಹೆಂಗಸರು, ಸಿಗರೇಟು ಸೇದದವರು, ಮುಂಚೆ ಹೀಗಾಗಿದ್ದವರು ಅಥವಾ ಬಸ್ಸಲ್ಲಿ ತಲೆಸುತ್ತು ಬರುವವರು, ಆಪರೇಷನ್ ನಂತರ ಮಾರ್ಫಿನ್ ಥರದ ಔಷಧಿ ಬೇಕಾಗುವವರು. ಅಪ್ಫೆಲ್ ಎಂಬ ವೈದ್ಯರು 1999ರಲ್ಲಿ ಕೊಟ್ಟ ಲೆಕ್ಕದಲ್ಲಿ ಈ ನಾಲ್ಕೂ ಇದ್ದರೆ ವಾಂತಿ, ವಾಕರಿಕೆಯ ಸಾಧ್ಯತೆ ಸುಮಾರು 80%, ಒಂದೂ ಇಲ್ಲದಿದ್ದರೆ 10%. ಸೇದುವವರಿಗೆ ಇಲ್ಲೊಂದೇ ಲಾಭ ನೋಡಿ! ಬಸ್ಸಿನ ತಲೆಸುತ್ತಿನ ವಿಷಯ ಡಾಕ್ಟರಿಗೆ ಹೇಳುವಂಥದ್ದಲ್ಲ ಅಂದುಕೊಳ್ಳಬೇಡಿ. ಹೇಳಿದರೆ ಅರಿವಳಿಕೆಯ ರೀತಿಯನ್ನೇ ಬದಲಿಸಬಹುದು.

ಇನ್ನು ಹೆದರಿಸುವ, ಆದರೆ ಹೆದರಬೇಕಿಲ್ಲದ ಕೆಲವು ಸಂಗತಿಗಳಿವೆ. ಹೊಟ್ಟೆಯ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್, ಆದವರಿಗೆ ಭುಜ ನೋಯುತ್ತದೆ. ಹೊಟ್ಟೆ ಉಬ್ಬಿಸಲು ತುಂಬಿದ ಅನಿಲ ಎದೆ, ಹೊಟ್ಟೆಯ ನಡುವಿನ ವಪೆ ಅನ್ನುವ ಸ್ನಾಯುವನ್ನು ಕೆಣಕಿರುತ್ತದೆ, ಅದರ ನರ ಕುತ್ತಿಗೆಯಿಂದ ಬರುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಉಸಿರಿಗೆ ಕೊಳವೆ ಹಾಕಿದ್ದರೆ ಗಂಟಲು ಕೆರೆತ. ಮೊದಲ ದಿನ ಸ್ವಲ್ಪ ಮೈ ಬಿಸಿ. ಗಾಯದ ಸುತ್ತ ನೀಲಿ ಕಲೆ.

ಹಾಗೆಯೇ ಚಿಕ್ಕದಾಗಿ ಕಂಡರೂ ತಡ ಮಾಡಬಾರದ ಸಂಗತಿಗಳೂ ಇವೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟವರಿಗೆ ಅಥವಾ ಹರ್ನಿಯಾ ಆದವರಿಗೆ ಆರೆಂಟು ಗಂಟೆಯಾದರೂ ಮೂತ್ರ ಹೋಗದಿದ್ದರೆ ಬೆಳಗಾಗಲಿ ಅಂತ ಕಾಯಬಾರದು. ಕೂತರೆ ಸಿಡಿಯುವ, ಮಲಗಿದರೆ ಇಳಿಯುವ ತಲೆನೋವು ಬಂದರೆ ಅದು ಬೆನ್ನಿನ ಇಂಜೆಕ್ಷನ್‌ನಿಂದ ಇರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರಾಡಲು ಕಷ್ಟ, ಎದೆ ನೋವು ಇವಾದರೆ ಫೋನ್ ಕೂಡ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ. ಪೊರೆ ಆಪರೇಷನ್ ಆದ ಕಣ್ಣಿನಲ್ಲಿ ದಿನ ಕಳೆದಂತೆ ನೋವು ಹೆಚ್ಚಾಗಿ ದೃಷ್ಟಿ ಮಂಕಾದರೆ ಅದೇ ದಿನ ತೋರಿಸಬೇಕು.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ, ಬಹಳಷ್ಟು ತೊಡಕುಗಳು ಮೊದಲ ರಾತ್ರಿ ಬರುವುದೇ ಇಲ್ಲ. ಗಾಯದ ಸೋಂಕು ಸಾಮಾನ್ಯವಾಗಿ 5ರಿಂದ 10ನೇ ದಿನದ ಹೊತ್ತಿಗೆ ತಲೆ ಎತ್ತುತ್ತದೆ. ಕಡಿಮೆಯಾಗಿದ್ದ ನೋವು ಮತ್ತೆ ಏರುತ್ತದೆ, ಕೆಂಪು ಹರಡುತ್ತದೆ, ಕೀವು, ಜ್ವರ. ಟಾನ್ಸಿಲ್ ತೆಗೆದ ಮಗುವಿನ ಗಂಟಲಲ್ಲಿ ಮೇಲಿನ ಪೊರೆ ಉದುರುವಾಗ, ಅಂದರೆ 5ರಿಂದ 10 ದಿನದ ನಡುವೆ, ಮತ್ತೆ ರಕ್ತ ಬರಬಹುದು. ನಿದ್ದೆಯಲ್ಲಿ ಮಗು ಪದೇ ಪದೇ ನುಂಗುತ್ತಿದ್ದರೆ ರಕ್ತವನ್ನೇ ನುಂಗುತ್ತಿರಬಹುದು, ಬಾಯಿ ತೆರೆಸಿ ನೋಡಿ, ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಹಳೆಯ ಕಾಲದಂತೆ ಮೂರು ದಿನ ವಾರ್ಡಿನಲ್ಲಿ ಇಟ್ಟುಕೊಂಡಿದ್ದರೂ ಇದು ಮನೆಯಲ್ಲೇ ಆಗುತ್ತಿತ್ತು. ಮರುದಿನ ಆಸ್ಪತ್ರೆಯಿಂದ ಒಂದು ಫೋನ್ ಬಂದರೆ ಒಳ್ಳೆಯದೇ, ಆದರೆ ನಿಜವಾಗಿ ಬೇಕಾಗಿರುವ ಫೋನ್ ಒಂದು ವಾರದ ನಂತರದ್ದು. ಅದನ್ನು ಮಾಡುವವರು ಕಡಿಮೆ.

ಒಬ್ಬರೇ ಇರುವವರ ಗತಿ ಏನು ಅನ್ನುವ ಪ್ರಶ್ನೆ ಇನ್ನೂ ಹಾಗೇ ಇದೆ. ಮನೆಗೆ ಕರೆದೊಯ್ಯಲು, ರಾತ್ರಿ ಜೊತೆಗಿರಲು ದೊಡ್ಡವರೊಬ್ಬರು ಇಲ್ಲದಿದ್ದರೆ ಆಪರೇಷನ್ ಮಾಡಲ್ಲ ಅನ್ನುವುದು ಸರಿಯಾದ ನಿಯಮವೇ. ಅದಕ್ಕೆ ಕೆಲವರು ಸ್ನೇಹಿತರೊಬ್ಬರನ್ನು ಬಾಗಿಲವರೆಗೆ ಕರೆತಂದು ತೋರಿಸಿ, ಆಮೇಲೆ ಬಾಡಿಗೆ ಕಾರಲ್ಲಿ ಒಬ್ಬರೇ ಮನೆಗೆ ಹೋಗುತ್ತಾರೆ. ಇನ್ನು ಕೆಲವರು ಯಾರನ್ನು ಕೇಳುವುದು ಅಂತ ಆಪರೇಷನ್ನನ್ನೇ ವರ್ಷಗಟ್ಟಲೆ ಮುಂದೂಡುತ್ತಾರೆ. ಇಂಥವರಿಗೆ ಒಂದು ರಾತ್ರಿ ಹಾಸಿಗೆ ಕೊಡುವುದು, ಇಲ್ಲವೇ ಒಬ್ಬ ನರ್ಸನ್ನು ಮನೆಗೆ ಕಳಿಸುವುದು ಡೇ ಕೇರ್ ಲೆಕ್ಕದೊಳಗೇ ಸೇರಬೇಕಾದ ಖರ್ಚು. ನೀವು ಒಬ್ಬರೇ ಇರುವವರಾದರೆ ದಿನ ಗೊತ್ತು ಮಾಡುವಾಗಲೇ ಹಾಗೆಂದು ಹೇಳಿ, ರಾತ್ರಿ ಅಲ್ಲೇ ಉಳಿಸಿಕೊಳ್ಳಲು ಆಗುತ್ತದಾ ಅಂತ ಕೇಳಿ. ಆಗಲ್ಲ ಅಂದರೆ, ಉಳಿಸಿಕೊಳ್ಳುವ ಬೇರೆ ಆಸ್ಪತ್ರೆ ಹುಡುಕಲು ಆಗಿನ್ನೂ ಸಮಯ ಇರುತ್ತದೆ.